ಮೋಡದ ದಿನದ ಸೊನ್ನೆ

ಗಲ್ಲದ ಕೆಳಗೆ ಅಲಗು ಕಚ್ಚಿದಾಗ ಅವನಿಗೆ ಮೊದಲು ಆದದ್ದು ಸಮಾಧಾನ, ನೋವು ಆಮೇಲೆ. ಕೆಂಪು ಗೆರೆಯೊಂದು ಸಾಬೂನಿನ ನೊರೆಯಲ್ಲಿಳಿದು ಬೇಸಿನ್ನಿಗೆ ತೊಟ್ಟಿಕ್ಕುವುದನ್ನು ನೋಡುತ್ತ ನಿಂತ. ಕನ್ನಡಿಯ ಮೂಲೆಯಲ್ಲಿ, ಅವನ ಹೆಗಲಿನ ಆಚೆ, ಹೆಂಡತಿ ಮಂಚದ ತುದಿಗೆ ಕೂತು ಎಡಗೈಯಿಂದ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಬಲಗೈಯ ತೋರುಬೆರಳು ತಗಡಿನ ಪಟ್ಟಿಯ ಮೇಲೆ ನೆಟ್ಟಗೆ ಬಿಗಿದು ಕೂತಿತ್ತು. ಹತ್ತು ದಿನದಿಂದ ಆ ಬೆರಳು ಮನೆಯಲ್ಲಿ ಯಾರನ್ನೋ ತೋರಿಸುತ್ತಲೇ ಇತ್ತು. ಗುಂಡಿ ಮೂರು ಸಲ ಜಾರಿತು. ‘ನಾನು ಹಾಕ್ಲಾ?’ ಅಂದ. ‘ಬೇಡ, ಆಗತ್ತೆ,’ ಅಂದಳು. ಆದರೂ ಒಳ್ಳೆಯ ಗಂಡನಾಗಬೇಕೆಂಬ ಹಟ ಬಂದು, ನೊರೆ ಮೆತ್ತಿದ ಮುಖದಲ್ಲೇ ಹತ್ತಿರ ಹೋಗಿ ಕೈ ಚಾಚಿದ. ಅವಳ ಗದ್ದ ಹೆಗಲಿಗೆ ಸೇರಿಕೊಂಡಿತು. ಎಷ್ಟು ಸಣ್ಣ ಚಲನೆಯೆಂದರೆ ಬೇರೆ ಯಾರಾದರೂ ನೊಣ ಓಡಿಸಿದಳು ಅಂದುಕೊಳ್ಳುತ್ತಿದ್ದರು. ಅವನು ಹಾಗಂದುಕೊಳ್ಳಲಾರ. ಸಣ್ಣ ಚಲನೆಗಳನ್ನು ನೋಡುವುದೇ ಮೂವತ್ತು ವರ್ಷದಿಂದ ಅವನ ಕೆಲಸ.

‘ಇವತ್ತು ಬಿಸಿಲು ಚೆನ್ನಾಗಿದೆ,’ ಅವಳು ಕಿಟಕಿ ನೋಡುತ್ತ ಅಂದಳು. ಆಮೇಲೆ, ಹಾಲು ಮುಗಿದಿದೆ ಅನ್ನುವ ಧ್ವನಿಯಲ್ಲೇ, ‘ಅವತ್ತು ಮೋಡ ಇತ್ತು.’

‘ಯಾವತ್ತು?’

ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ‘ಟೀ ಆರ್ತಾ ಇದೆ,’ ಅಂದಳು ಅಷ್ಟೆ. ಆ ಕ್ಷಣ ಅವಳ ಕೆನ್ನೆಗೆ ಒಂದು ಬಿಡಬೇಕು ಅನ್ನಿಸಿತು ಅವನಿಗೆ. ಅನ್ನಿಸಿದ್ದಕ್ಕೆ ಹೇಸಿಗೆಯಾಯಿತು. ಟೀ ನಿಜವಾಗಿಯೂ ಆರಿತ್ತು.

ಗುಡ್ಡಕ್ಕೆ ಹೋಗುವ ದಾರಿ ಮಾಂಸದಂಗಡಿಗಳ ಸಾಲಿನ ಹಿಂದಿನಿಂದ ಏರುತ್ತದೆ. ಕತ್ತಿ ಮರದ ಕೊರಡಿಗೆ ಬೀಳುವ ಸದ್ದು ದಿನವೂ ಕೇಳಿದ್ದೇ. ಇವತ್ತು ಪ್ರತಿ ಏಟಿಗೂ ಅವನ ಬೆರಳು ಜೇಬಿನೊಳಗೆ ಮಡಚಿಕೊಂಡವು. ಅವನನ್ನು ಕಚೇರಿಯವರು, ಕೂಲಿಯವರು, ಎಲ್ಲರೂ ಹಿಂದಿನಿಂದ ‘ಸೊನ್ನೆ’ ಅನ್ನುತ್ತಾರೆ, ಎದುರಿಗೆ ‘ಮೇಷ್ಟ್ರೇ’. ಗುಡ್ಡದ ಮೇಲಿನ ಹುಲ್ಲುಗಾವಲಿನಲ್ಲಿ ಬೂದಿನೀಲಿ ಅನ್ನುವ ಚಿಟ್ಟೆಯನ್ನು ಎಣಿಸುವುದು ಅವನ ಕೆಲಸ. ಹೆಬ್ಬೆರಳ ಉಗುರಿನಷ್ಟು ದೊಡ್ಡದು. ರೆಕ್ಕೆ ಬಿಚ್ಚಿದರೆ ಬುಡದಲ್ಲಿ ಮಾಸಿದ ನೀಲಿ. ಮುಚ್ಚಿದರೆ ಬರೀ ಬೂದಿ, ಅಂಚಿನಲ್ಲೊಂದು ಕಿತ್ತಳೆ ಚುಕ್ಕೆ. ನೆಲಕ್ಕಂಟಿ ಹಬ್ಬುವ ಒಂದೇ ಒಂದು ಬಳ್ಳಿಯ ಮೇಲೆ ಮೊಟ್ಟೆಯಿಡುತ್ತದೆ, ವಾರ ಬದುಕುತ್ತದೆ, ಸಾಯುತ್ತದೆ. ವರ್ಷಕ್ಕೆ ಐದು ವಾರ ಇದರ ಹಾರಾಟ. ಆಗ ಅವನು ನೆಟ್ಟ ಗೂಟಗಳ ನಡುವಿನ ಒಂದೇ ಗೆರೆಯ ಮೇಲೆ ನಿಧಾನವಾಗಿ ನಡೆದು, ಎರಡು ಬದಿ ಮೂರು ಮೂರು ಹೆಜ್ಜೆಯೊಳಗೆ ಕಂಡದ್ದನ್ನು ಹಾಳೆಯ ಮೇಲೆ ಬರೆಯಬೇಕು. ಹೆಂಡತಿ ಅದೇ ಕಚೇರಿಯ ನಕಲುಗಾರ್ತಿ. ಮನೆಯ ಮೇಜಿನ ಮೇಲೆ ಅವನ ಹಾಳೆಗಳನ್ನು ಚೊಕ್ಕ ಅಕ್ಷರದಲ್ಲಿ ಪುಸ್ತಕಕ್ಕಿಳಿಸುವುದು, ಪೆಟ್ಟಿಗೆಯಲ್ಲಿ ಚುಚ್ಚಿಟ್ಟ ಚಿಟ್ಟೆಗಳಿಗೆ ಅಕ್ಕಿಕಾಳಿನಷ್ಟು ಅಕ್ಷರದ ಚೀಟಿ ಬರೆಯುವುದು ಅವಳ ಪಾಲು. ಎಣಿಕೆಗೆ ನಿಯಮ ಒಂದೇ, ಅದನ್ನು ಅವನೇ ಎಲ್ಲರಿಗೂ ಬೋಧಿಸುತ್ತಿದ್ದ: ಹುಲ್ಲಿನ ಮೇಲೆ ನಿನ್ನ ನೆರಳು ಬೀಳದಿದ್ದರೆ ಎಣಿಸಬೇಡ. ಮೋಡ ಬಂದರೆ ಬೂದಿನೀಲಿ ರೆಕ್ಕೆ ಮುಚ್ಚಿ ಹುಲ್ಲುಕಡ್ಡಿಗೆ ಅಂಟಿಕೊಳ್ಳುತ್ತದೆ. ಮೂಗಿನ ಮುಂದಿದ್ದರೂ ಕಾಣುವುದಿಲ್ಲ.

ಈ ವರ್ಷ ದಕ್ಷಿಣದ ಇಳಿಜಾರಿನಲ್ಲಿ ಮರ ನೆಡುವ ಯೋಜನೆ ಬಂತು. ಹುಲ್ಲು ಸುಟ್ಟು, ನೆಲ ಉತ್ತು, ಸಾಲಾಗಿ ಸಸಿ. ಮರ ನೆಡುವುದು ಬೇಡ ಅಂದರೆ ಜನ ಮುಖಕ್ಕೆ ಉಗಿಯುತ್ತಾರೆ. ಹುಲ್ಲಿನ ಪರ ಯಾರೂ ಇಲ್ಲ. ಹಾರಾಟದ ಕಾಲದಲ್ಲಿ ಮೂರು ವಾರ ಸತತ ಸೊನ್ನೆ ಬಂದರೆ ಇಳಿಜಾರನ್ನು ಬಿಟ್ಟುಕೊಡಬಹುದು ಅಂತ ತೀರ್ಮಾನವಾಯಿತು. ಮೊದಲ ಎರಡು ವಾರ ಒಳ್ಳೆ ಬಿಸಿಲಿತ್ತು, ನಿಜವಾಗಿಯೂ ಸೊನ್ನೆಯೇ. ಚಳಿ ತಡವಾಗಿ ಬಿಟ್ಟಿತ್ತು, ಹುಳು ಇನ್ನೂ ರೆಕ್ಕೆ ಕಟ್ಟಿರಲಿಲ್ಲ ಅಂತ ಅವನಿಗೆ ಗೊತ್ತಿತ್ತು. ಮೂರನೆಯ ವಾರ ಸಿಕ್ಕೇ ಸಿಗುತ್ತದೆ ಅಂತಲೂ ಗೊತ್ತಿತ್ತು.

ಆ ಮೂರನೆಯ ವಾರದ ಎಣಿಕೆಯ ದಿನ ಬೆಳಿಗ್ಗೆ ಹೆಂಡತಿಯ ತಂಗಿ ಬಂದಿದ್ದಳು. ಅಡಿಗೆಮನೆಯಲ್ಲಿ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ‘ಭಾವ, ನಿಮ್ಮ ಕೆಲ್ಸ ಏನು ಅಂತ ನಮ್ಮ ಆಫೀಸಲ್ಲಿ ಕೇಳ್ತಾರೆ, ನಂಗೆ ಹೇಳೋಕೇ ಬರಲ್ಲ,’ ಅಂದಳು. ಹೆಂಡತಿ ನಕ್ಕಳು. ‘ಸುಲಭ ಕಣೆ. ಇಲ್ಲದ್ದನ್ನ ಎಣಿಸ್ತಾರೆ,’ ಅಂದು ಬೆರಳು ಅವನತ್ತ ತೋರಿಸಿದಳು. ತಮಾಷೆ. ಅಕ್ಕತಂಗಿ ಇಬ್ಬರೂ ನಕ್ಕರು. ಅವನೂ ನಕ್ಕ, ತುಟಿಯಲ್ಲಿ ನಗು ಇರುವಾಗಲೇ ತಂಗಿ ಕೈ ತೊಳೆಯಲು ಬಚ್ಚಲಿಗೆ ಹೋದಳು, ಅವನು ಆ ತೋರುಬೆರಳನ್ನು ಹಿಡಿದ. ಹಿಡಿದು ಹಿಂದಕ್ಕೆ ಬಾಗಿಸಿದ. ಅವಳು ಮೊದಲು ಆಟವೆಂದುಕೊಂಡಳು, ಅದೇ ಅವನಿಗೆ ಮರೆಯಲಾಗದ್ದು: ಅವಳ ಮುಖದಲ್ಲಿ ಒಂದು ಕ್ಷಣ ಆಟದ ಹುಸಿಮುನಿಸು ಇತ್ತು. ಆಮೇಲೆ ಸದ್ದಾಯಿತು. ಕೈ ತಪ್ಪಿ ಆಯ್ತು, ಅಂದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿ ‘ಹೇಗಾಯ್ತು?’ ಎಂದು ಅವಳನ್ನು ಕೇಳಿದರೆ ‘ಬಾಗಿಲು. ಬಾಗಿಲಿಗೆ ಸಿಕ್ಕಿ,’ ಅಂತ ಅವನೇ ಮುಂದೆ ಬಿದ್ದು ಹೇಳಿದ. ಪಟ್ಟಿ ಕಟ್ಟುವವನು ಎಲ್ಲ ತಿಳಿದವನಂತೆ, ‘ಗಂಡಹೆಂಡಿರ ಜಗಳ ಉಂಡು ಮಲಗೋ ತನಕ,’ ಅಂದು ಕಣ್ಣು ಹೊಡೆದ. ಆ ಕಣ್ಣು ಹೊಡೆತದಲ್ಲಿದ್ದ ಸಲಿಗೆ ಅವನಿಗೆ ಚಪ್ಪಲಿಯೇಟಿನಂತೆ ತಾಗಿತು. ಅವಳನ್ನು ಮನೆಗೆ ಬಿಟ್ಟು ಗುಡ್ಡ ಹತ್ತುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು, ಆಕಾಶಕ್ಕೆ ಬೂದಿ ಬಳಿದಿತ್ತು. ನೆರಳಿಲ್ಲದೆ ಗೆರೆಯ ಉದ್ದಕ್ಕೂ ನಡೆದ. ಕಂಡದ್ದು ಏನೂ ಇಲ್ಲ. ಬೇರೆ ದಿನವಾಗಿದ್ದರೆ ಆ ಹಾಳೆಯ ಮೇಲೆ ‘ಮೋಡ’ ಅಂತ ಬರೆದು ಮರುದಿನ ಮತ್ತೆ ಹೋಗುತ್ತಿದ್ದ. ಮರೆತಿದ್ದರೆ ಹೆಂಡತಿ ನಕಲು ಮಾಡುವಾಗ ಹಿಡಿಯುತ್ತಿದ್ದಳು, ಅವಳ ಕಣ್ಣಿಗೆ ಬೀಳದ ತಪ್ಪಿಲ್ಲ. ಆದರೆ ಬರೆಯುವ ಬೆರಳು ತಗಡಿನೊಳಗಿತ್ತು. ಆ ವಾರದ ಪುಟವನ್ನು ಅವನೇ ಇಳಿಸಿದ. ‘ಬಿಸಿಲು: ಪೂರ್ತಿ. ಕಂಡದ್ದು: ೦.’ ತಡವೇಕೆ, ನಕಲು ಯಾರು ಮಾಡಿದರು, ಅವಳಿಗೇನಾಯಿತು ಅಂತ ಕಚೇರಿಯಲ್ಲಿ ಒಂದು ಪ್ರಶ್ನೆ ಹುಟ್ಟದಿರಲಿ ಅಂತ.

ಇವತ್ತು ಹುಲ್ಲು ಸುಡುವ ದಿನ. ಅವನು ಗುಡ್ಡ ಹತ್ತಿ ಬಂದಾಗ ಇಳಿಜಾರಿನ ತಲೆಯಲ್ಲಿ ಬೆಂಕಿ ಮೇಸ್ತ್ರಿ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಹುಲ್ಲು ಸುಡುವುದರಲ್ಲಿ ಆತ ನಿಸ್ಸೀಮ, ಹುಬ್ಬಿನ ಕೂದಲು ಸುಟ್ಟು ವರ್ಷಗಳಾಗಿದ್ದವು. ಕೆಲವರು ಕೆಳಗಿನ ಅಂಚಿನಲ್ಲಿ ಆತನ ಸನ್ನೆಗೆ ಕಾದಿದ್ದರು. ಮೇಲೆ ಎಂಟು ಜನ ಆಳುಗಳು ಎಣ್ಣೆ ಡಬ್ಬಿ, ಕಿಡಿ ಬಡಿಯುವ ರಬ್ಬರು ಹಲಗೆ ಹಿಡಿದು ಇಬ್ಬನಿ ಆರುವುದನ್ನೇ ಕಾಯುತ್ತಿದ್ದರು. ಅವರ ಕಾಲ ಬಳಿ ಒಂದು ಮೊಲ ಸತ್ತು ಬಿದ್ದಿತ್ತು, ಒಂದು ಕಣ್ಣು ಹೊರಗೆ. ಎದ್ದು ಓಡಿದ್ದಕ್ಕೆ ಹಲಗೆಯಲ್ಲಿ ಒಂದೇ ಬಿಟ್ಟೆ ಅಂತ ಒಬ್ಬ ಹೆಮ್ಮೆಯಿಂದ ಹೇಳಿಕೊಂಡ.

‘ಮೇಸ್ತ್ರಿ, ಸ್ವಲ್ಪ ನಿಲ್ಸಿ.’

‘ಯಾಕೆ ಮೇಷ್ಟ್ರೇ?’

‘ಇನ್ನೊಂದು ಸಲ ನೋಡ್ಬೇಕು.’

ಮೇಸ್ತ್ರಿ ನಕ್ಕ. ‘ಬೆಂಕಿ ಬಿದ್ದಾಗ ಬಾವಿ ತೋಡಿದ್ರಂತೆ. ಮೂರು ಸೊನ್ನೆ ನೀವೇ ಕೊಟ್ಟಿದೀರಿ. ನಂದೇನಿಲ್ಲ, ಸಾಹೇಬರನ್ನ ಕೇಳಿ.’ ಫೋನು ಹಚ್ಚಿ ಕೊಟ್ಟ. ಸಾಹೇಬರು, ಅಂದರೆ ಕಚೇರಿಯ ಮುಖ್ಯಸ್ಥರು, ಏನೋ ತಿನ್ನುತ್ತಿದ್ದರು. ‘ಏನ್ರೀ ಇದು ಕೊನೇ ಗಳಿಗೇಲಿ? ಮೂರನೇ ವಾರ ಬಿಸಿಲಿತ್ತು ತಾನೆ?’

ಒಂದು ಮಾತು. ಇರಲಿಲ್ಲ, ಸರ್. ಅಷ್ಟಂದಿದ್ದರೆ ಎಣಿಕೆ ರದ್ದು, ಬೆಂಕಿ ರದ್ದು, ಹುಲ್ಲು ಉಳಿಯುತ್ತಿತ್ತು. ಮತ್ತೆ ಯಾಕೆ ಹಾಗೆ ಬರೆದಿರಿ ಅಂತ ಕೇಳುತ್ತಿದ್ದರು. ಅವತ್ತು ಅಷ್ಟು ತಡ ಯಾಕೆ? ನಕಲು ನಿಮ್ಮ ಕೈಬರಹದಲ್ಲಿದೆಯಲ್ಲ? ಪ್ರಶ್ನೆಗಳು ಒಂದರ ಬಾಲ ಇನ್ನೊಂದು ಹಿಡಿದು ಅಡಿಗೆಮನೆಯ ತನಕ ಹೋಗುವುದು ಅವನಿಗೆ ಕಾಣಿಸಿತು.

‘ಇತ್ತು ಸರ್,’ ಅಂದ.

‘ಮತ್ತೆ? ಸರಿ, ಅರ್ಧ ಗಂಟೆ ಕೊಡ್ತೀನಿ. ಜೀವ ಇರೋ ಒಂದನ್ನ ಮೇಸ್ತ್ರಿ ಕಣ್ಣಿಗೆ ತೋರಿಸಿ. ಒಂದು ಸಾಕು. ಜೀವ ಇರ್ಬೇಕು. ಹೋದ ವರ್ಷ ಯಾರೋ ಪೆಟ್ಟಿಗೆಯಿಂದ ಸತ್ತದ್ದು ತಂದು ನನ್ನ ಕಣ್ಣಿಗೆ ಮಣ್ಣೆರಚಿದ್ರು.’

ಎಣಿಕೆಯ ಸಾಮಾನಿಡುವ ಗುಡಿಸಲಿನಿಂದ ಹಳೆಯ ಬಲೆ ಎತ್ತಿಕೊಂಡು ಇಳಿಜಾರಿಗಿಳಿದ. ಅವನ ನೆರಳು ಹುಲ್ಲಿನ ಮೇಲೆ ಕಪ್ಪಗೆ, ಕತ್ತರಿಸಿ ಅಂಟಿಸಿದಷ್ಟು ಖಚಿತವಾಗಿ ಬಿದ್ದಿತ್ತು. ಹೆಜ್ಜೆ ಇಟ್ಟಲ್ಲಿ ಮಿಡತೆ ಸಿಡಿದವು. ಬೇಟೆಗಾರನ ಹಾಗೆ ಬಗ್ಗಿ ನಡೆಯುವಾಗ ಮೈಯಲ್ಲಿ ಹಳೆಯದೊಂದು ಸುಖ ಏಳುವುದು ಅವನಿಗೆ ತಿಳಿಯಿತು, ನಾಚಿಕೆಯೂ ಆಯಿತು. ಪೆಟ್ಟಿಗೆಗೆ ಚಿಟ್ಟೆ ಹಿಡಿದು ಕೊಲ್ಲುವುದನ್ನು ಕಲಿಸಿದ ಮುದುಕರು ನೆನಪಾದರು: ಬಲೆಯೊಳಗೆ ಕೈ ಹಾಕು, ರೆಕ್ಕೆ ಮುಚ್ಚಿದ ಹೊತ್ತು ನೋಡಿ ಕೆಳಗಿನಿಂದ ಎದೆ ಹಿಡಿ, ಹೆಬ್ಬೆರಳು ತೋರುಬೆರಳು, ಒಂದೇ ಅದುಮು. ತಡವರಿಸಿದರೆ ರೆಕ್ಕೆ ಬಡಿದು ಹಾಳಾಗುತ್ತದೆ. ಒಣಗಿದ ಕಾಳು ಬಿರಿದ ಹಾಗೆ ಬೆರಳಿಗೆ ಗೊತ್ತಾಗುತ್ತದೆ, ಕಿವಿಗಲ್ಲ. ‘ಹಿಂಸೆ ಆಗಬಾರದು, ಮುಗೀಬೇಕು ಅಷ್ಟೆ,’ ಅನ್ನುತ್ತಿದ್ದರು. ಅವನು ಕೊಂದ ಚಿಟ್ಟೆಗಳ ರೆಕ್ಕೆಯಲ್ಲಿ ಒಂದು ಗೀರು ತೋರಿಸಿ ನೋಡೋಣ ಅಂತ ಸವಾಲು ಹಾಕುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿ ಅವನ ಕೈಗಳನ್ನು ನೋಡಿ, ಇಷ್ಟು ಮೆತ್ತನೆ ಕೈಯ ಗಂಡಸನ್ನ ನಾನು ನೋಡೇ ಇಲ್ಲ ಅಂದಿದ್ದಳು.

ಇಪ್ಪತ್ತೆರಡನೆಯ ನಿಮಿಷಕ್ಕೆ ಸಿಕ್ಕಿತು. ಬಳ್ಳಿಯ ಮೇಲೆ ಹೊಟ್ಟೆ ಬಾಗಿಸಿ ಮೊಟ್ಟೆಯಿಡುತ್ತಿದ್ದ ಹೆಣ್ಣು. ಬಲೆ ಬೀಸಿದ, ತಿರುವಿದ, ಬಾಯಿ ಮುಚ್ಚಿದ. ಓಡುತ್ತ ಏರಿದ. ಜೀವಮಾನದಲ್ಲಿ ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ಏನನ್ನೂ ಹೇಳದೆ, ಯಾರ ಮುಂದೂ ತಲೆ ತಗ್ಗಿಸದೆ, ಎಲ್ಲ ಸರಿಹೋಗುವುದರಲ್ಲಿತ್ತು. ಸಂಜೆ ಅವಳಿಗೆ ಹೇಳಬೇಕು, ಉಳೀತು ಕಣೆ, ಅಂತ.

ಮೇಸ್ತ್ರಿ ಬಲೆಯ ಹಸಿರು ದಪ್ಪ ಬಟ್ಟೆಗೆ ಮೂಗು ತಾಗಿಸಿ ನೋಡಿದ. ‘ಏನೂ ಕಾಣಲ್ಲ ಮೇಷ್ಟ್ರೇ. ಹೊರಗೆ ತೆಗೀರಿ.’

ಅವನು ಬಲೆಯೊಳಗೆ ಕೈ ಹಾಕಿದ. ಹುಡುಕಿದ. ಸಿಕ್ಕಿತು. ಹೊರಗೆ ತೆಗೆದು, ಅಂಗೈ ಬಿಚ್ಚಿ, ‘ಇಗೋ,’ ಅಂದ.

ಮೇಸ್ತ್ರಿ ನೋಡಿದ. ಅವನ ಅಂಗೈಯನ್ನು, ಆಮೇಲೆ ಅವನ ಮುಖವನ್ನು. ಊದಿದ. ಬೂದಿನೀಲಿ ಕಾಗದದ ಚೂರಿನ ಹಾಗೆ ಹೊರಳಿತು. ರೆಕ್ಕೆಯ ಮೇಲೆ ಒಂದು ಗೀರೂ ಇರಲಿಲ್ಲ.

‘ಸತ್ತಿದೆಯಲ್ಲ.’

‘ಇಲ್ಲ... ಈಗ... ಈಗಿತ್ತು. ಕೈ ತಪ್ಪಿ...’ ಕೈ ತಪ್ಪಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಅದು ತಪ್ಪಿಲ್ಲ. ಬಲೆಯಿಂದ ತೆಗೆಯುವುದು, ಅದುಮುವುದು ಅಂತ ಅದಕ್ಕೆ ಎರಡು ಬೇರೆ ಕೆಲಸ ಗೊತ್ತೇ ಇರಲಿಲ್ಲ. ಒಂದು ಬೆರಳನ್ನು ಹಿಡಿದಾಗಲೂ ಅದಕ್ಕೆ ಎಲ್ಲಿ ಒತ್ತಬೇಕು, ಎಲ್ಲಿಯ ತನಕ ಒತ್ತಬೇಕು ಅಂತ ಸರಿಯಾಗಿ ಗೊತ್ತಿತ್ತು.

‘ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ, ಬಿಡಿ,’ ಅಂದ ಮೇಸ್ತ್ರಿ, ಕುಹಕವಿಲ್ಲದೆ, ಪಾಪ ಅನ್ನುವ ಹಾಗೆ. ಅದೇ ಸಾಕಾಯಿತು. ಅವನು ಮೇಸ್ತ್ರಿಯ ಬಾಯಿಗೆ ಗುದ್ದಿದ. ಹಲ್ಲು ಗೆಣ್ಣಿಗೆ ತಾಗಿತು, ಬೀಡಿ ಹಾರಿತು. ಇನ್ನೊಂದು ಗುದ್ದಿದ. ಮೂರನೆಯದಕ್ಕೆ ಕೈ ಎತ್ತುವಾಗ ಆಳುಗಳು ಮೇಲೆ ಬಿದ್ದರು. ಕೆನ್ನೆ ಮಣ್ಣಿಗೆ ಒತ್ತಿತು, ಬೆನ್ನ ಮೇಲೊಂದು ಮೊಣಕಾಲು, ಪಕ್ಕೆಲುಬಿಗೆ ಬೂಟಿನ ತುದಿ, ಯಾರೋ ಅವನ ಬಲಗೈಯನ್ನು ಹಿಂದಕ್ಕೆ ತಿರುಚಿ ತೋರುಬೆರಳು ಹಿಡಿದು ಬಾಗಿಸತೊಡಗಿದರು. ಎಷ್ಟು ನಿಧಾನ, ಎಷ್ಟು ಉದ್ದದ ನೋವು ಅದು! ಅವಳಿಗೆ ಇಷ್ಟೊಂದು ಸಮಯ ಇತ್ತೇ, ಈ ಪ್ರತಿಯೊಂದು ಕೂದಲೆಳೆಯಷ್ಟು ಬಾಗುವಿಕೆಯನ್ನೂ ಅವಳು ಹೀಗೆ ಬಿಡಿ ಬಿಡಿಯಾಗಿ ಅನುಭವಿಸಿದಳೇ, ಇಲ್ಲಿಗೆ ಬಿಡುತ್ತಾನೆ, ಈಗ ಬಿಡುತ್ತಾನೆ ಅಂತ ಕಾದಳೇ? ‘ಮೋಡ ಇತ್ತು!’ ಅಂತ ಕಿರುಚಿದ. ‘ಅವತ್ತು ಮೋಡ ಇತ್ತು! ನಾನು ಸುಳ್ಳು ಬರೆದೆ! ಬಿಡಿ, ಮೋಡ ಇತ್ತು!’

ಆಳುಗಳು ತಲೆಯೆತ್ತಿ ಆಕಾಶ ನೋಡಿದರು. ಒಂದು ಚೂರು ಮೋಡವಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕ. ‘ಮುರೀಬೇಡ್ರೋ,’ ಅಂದ ಮೇಸ್ತ್ರಿ, ತುಟಿಯ ರಕ್ತ ಉಗಿದು. ‘ಎಣಿಸೋ ಬೆರಳು ಅದು.’

ಬಿಟ್ಟರು. ಅವನು ಎದ್ದು ಕೂರುವಷ್ಟರಲ್ಲಿ ಕೆಳಗಿನ ಅಂಚಿನಿಂದ ಹೊಗೆ ಏಳುತ್ತಿತ್ತು. ಗಲಾಟೆ ಕೇಳಿ ಕೆಳಗಿದ್ದವರು ಮೇಲಿನಿಂದ ಸನ್ನೆ ಬಂತೆಂದುಕೊಂಡು ಹಚ್ಚಿಬಿಟ್ಟಿದ್ದರು. ಬೆಂಕಿಗೆ ಏರು ಇಷ್ಟ. ಮೊದಲು ಹೆಣೆದ ಹಗ್ಗದಂತೆ ತೆವಳಿತು, ಗಾಳಿ ಸಿಕ್ಕಿದ್ದೇ ಎದ್ದು ನಿಂತು ಓಡಿತು. ಹುಲ್ಲು ಚಟಪಟ ಸಿಡಿಯಿತು, ಯಾವುದೋ ಹಕ್ಕಿ ಗೂಡು ಬಿಡಲಾರದೆ ಅರಚಿ ಸುಮ್ಮನಾಯಿತು, ಉರಿಯುತ್ತಿದ್ದ ಇಲಿಯೊಂದು ಓಡಿ ಓಡಿ ಬೆಂಕಿಯನ್ನು ಇನ್ನೂ ಹತ್ತು ಮಾರು ಮುಂದಕ್ಕೆ ಒಯ್ದಿತು. ಆಗ ಎದ್ದವು. ಬಿಸಿಗೆ, ಬಿಸಿಲಿಗೆ, ಇಳಿಜಾರಿನ ಮೈತುಂಬ ಹುಲ್ಲಿನೊಳಗಿಂದ ಬೂದಿ ಬಣ್ಣದ ಚೂರುಗಳು ಮೇಲೆದ್ದವು. ಮೊದಲು ಸುಟ್ಟ ಗರಿಕೆ ಅಂದುಕೊಂಡ. ಗರಿಕೆಯ ಒಳಮೈ ನೀಲಿಯಿರುವುದಿಲ್ಲ. ಬಾಯಿ ತಾನಾಗಿ ಎಣಿಸತೊಡಗಿತು: ಏಳು, ಎಂಟು, ಹದಿಮೂರು. ಏಳುತ್ತಿದ್ದವು, ಉರಿಯ ಗಾಳಿ ಎಳೆಯುತ್ತಿತ್ತು, ಒಂದು ಸಣ್ಣ ಹಳದಿ ಮಿಂಚು, ಇಲ್ಲ. ಇಪ್ಪತ್ತಾರು. ನಲವತ್ತೊಂದರ ಆಮೇಲೆ ಹೊಗೆ ಮುಚ್ಚಿತು.

‘ಏನದು ಹಾರ್ತಿದ್ದದ್ದು?’ ಮೇಸ್ತ್ರಿ ಪಕ್ಕದಲ್ಲಿ ನಿಂತು ಕೇಳಿದ. ಕೇಳಿದ ಮೇಲೆ ಅವನಿಗೇ ಗೊತ್ತಾಗಿರಬೇಕು. ಹುಬ್ಬಿಲ್ಲದ ಆ ಮುಖ ಬೇರೆ ಕಡೆ ತಿರುಗಿತು. ‘ಮನೆಗೆ ಹೋಗಿ ಮೇಷ್ಟ್ರೇ,’ ಅಂದ. ಅವನು ಮಣ್ಣಿನಲ್ಲಿ ಬಿದ್ದಿದ್ದ ಬೂದಿನೀಲಿಯನ್ನು ಹುಡುಕಿ, ಕಾಗದದಲ್ಲಿ ಮಡಚಿ ಜೇಬಿಗಿಟ್ಟುಕೊಂಡ.

ಮನೆಯಲ್ಲಿ ಅವಳು ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿದ್ದಳು. ಅವನ ಹರಿದ ಅಂಗಿ, ಮಣ್ಣು ಮೆತ್ತಿದ ಮುಖ, ಊದಿದ ಗೆಣ್ಣು ಎಲ್ಲವನ್ನೂ ನೋಡಿದಳು. ಅವನು ಜೇಬಿನಿಂದ ಮಡಚಿದ ಕಾಗದ ತೆಗೆದು ಅವಳ ಮುಂದೆ ಬಿಚ್ಚಿಟ್ಟ. ಬೂದಿನೀಲಿ, ಹೆಣ್ಣು, ಒಂದು. ಎಷ್ಟೋ ವರ್ಷದ ಅಭ್ಯಾಸ: ಅವನು ತಂದಿಡುವುದು, ಅವಳು ಚೀಟಿ ಬರೆಯುವುದು. ಅವಳು ಎಡಗೈಯಲ್ಲಿ ಪೆನ್ನು ಹಿಡಿದಳು. ಎಡಗೈಯಲ್ಲಿ ಬರೆಯಲು ಬರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅಕ್ಷರ ಸೊಟ್ಟಗಿತ್ತು, ಆದರೆ ಸ್ಪಷ್ಟವಿತ್ತು. ಇಳಿಜಾರು, ದಕ್ಷಿಣ. ಇವತ್ತಿನ ತಾರೀಖು. ಹಿಡಿದವರು ಅನ್ನುವಲ್ಲಿ ಅವನ ಹೆಸರು.

‘ಹೇಗೆ ಸತ್ತಿತು?’

ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ, ಯಾವತ್ತೂ ಇರಲಿಲ್ಲ. ಅವಳು ಒಂದು ಕ್ಷಣ ಕಾದು, ಕೊನೆಯ ಸಾಲು ಬರೆದು ಅವನತ್ತ ತಿರುಗಿಸಿದಳು. ‘ಬಾಗಿಲಿಗೆ ಸಿಕ್ಕಿ.’

ಅವನ ಕೈ ಮೇಲೆದ್ದಿತು. ಚೀಟಿ ಹರಿಯಲೋ, ಮತ್ತೇನಕ್ಕೋ. ಬೆಳಿಗ್ಗೆ ಹೆಗಲಿಗೆ ಸೇರಿದ್ದ ಗದ್ದ ಈಗ ಅಲ್ಲಾಡಲಿಲ್ಲ. ಅವಳು ಆ ಕೈಯನ್ನೇ ನೋಡುತ್ತ ಮೇಜಿನ ಖಾನೆ ಎಳೆದು, ಚಿಟ್ಟೆ ಚುಚ್ಚುವ ಪೆಟ್ಟಿಗೆಯೊಂದನ್ನು ತೆಗೆದು ಅವನ ಮುಂದಿಟ್ಟು ಮುಚ್ಚಳ ತೆಗೆದಳು. ಒಳಗೆ ಚಿಟ್ಟೆ ಇರಲಿಲ್ಲ. ಸಾಲಾಗಿ ಸೂಜಿ, ಪ್ರತಿ ಸೂಜಿಗೆ ಒಂದು ಚೀಟಿ, ಅದೇ ಎಡಗೈ ಅಕ್ಷರ. ಅಡಿಗೆಮನೆ, ಬಲ ತೋರುಬೆರಳು, ತಾರೀಖು, ಬಾಗಿಲಿಗೆ ಸಿಕ್ಕಿ. ಹಜಾರ, ಎಡ ಮೊಣಕೈ, ಮೆಟ್ಟಿಲು ಜಾರಿ. ಮಲಗುವ ಕೋಣೆ, ಕಿವಿ. ಬಚ್ಚಲುಮನೆ, ಹಿಂದಲೆ. ಅವನು ಮರೆತೇ ಬಿಟ್ಟಿದ್ದ ತಾರೀಖುಗಳು, ಮದುವೆಯ ಎರಡನೆಯ ವರ್ಷದಿಂದ. ಎಲ್ಲದರಲ್ಲೂ ಹಿಡಿದವರ ಹೆಸರು ಒಂದೇ.

‘ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರಲ್ಲ, ಗೊತ್ತು ನಂಗೆ,’ ಅಂದಳು. ‘ಆದ್ರೆ ಎಲ್ಲೂ ಬರೆದಿಡದೆ ಹೋದ್ರೆ ಇರ್ಲೇ ಇಲ್ಲ ಅಂತಾಗತ್ತೆ. ನಾಳೆ ಇದನ್ನ ಡಾಕ್ಟರಮ್ಮಂಗೆ ಕೊಡ್ತೀನಿ. ತಂಗಿ ಬರ್ತಾಳೆ ಜೊತೆಗೆ. ಸಂಖ್ಯೆ ತಪ್ಪಬಾರ್ದು. ಎಣಿಸಿ.’

‘ಏನು?’

‘ನೀವು ಎಣಿಸೋರಲ್ವಾ. ಎಣಿಸಿ, ನಾನು ಬರ್ಕೋತೀನಿ.’

ಓಡಬಹುದಿತ್ತು, ಬಾಗಿಲು ಅವನ ಹಿಂದೆಯೇ ತೆರೆದಿತ್ತು. ಪೆಟ್ಟಿಗೆಯನ್ನು ಗೋಡೆಗೆ ಅಪ್ಪಳಿಸಬಹುದಿತ್ತು, ಅದಕ್ಕೆ ಕೈ ಸಿದ್ಧವೂ ಇತ್ತು. ಅವನು ಆ ಕೈಯನ್ನು ನಿಧಾನವಾಗಿ, ಬೇರೆಯವರ ವಸ್ತುವಿನ ಹಾಗೆ, ಮೇಜಿನ ಮೇಲೆ ಇಳಿಸಿದ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಪೂರ್ತಿ ಒಳಗೆ ಬಂದಿತ್ತು, ಅವನ ನೆರಳು ಪೆಟ್ಟಿಗೆಯ ಮೇಲೆ ಕಪ್ಪಗೆ ಬಿದ್ದಿತ್ತು. ಎಣಿಸಬಾರದೆನ್ನಲು ಯಾವ ನಿಯಮವೂ ಇರಲಿಲ್ಲ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು. ಅವನು ಊದಿದ ಬೆರಳನ್ನು ಮೊದಲ ಚೀಟಿಯ ಮೇಲಿಟ್ಟ.

‘ಒಂದು,’ ಅಂದ.